ಕಿಬ್ಬೊಟ್ಟೆಯ ಹಳೆಯ ನೋವು: ಬಾಯಿಬಿಟ್ಟು ಹೇಳಿ, ಕಾರಣ ಹುಡುಕಿಸಿ

ಕೆಲವು ವರ್ಷಗಳ ಹಿಂದಿನ ಮಾತು. ತಾಳಿಕೋಟೆಯ ನನ್ನ ದವಾಖಾನೆಗೆ ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದಳು. ವಯಸ್ಸು ಮೂವತ್ತರೊಳಗೆ. ತೊಗರಿ ರಾಶಿಯ ದಿನಗಳು. ಮಾತಾಡಿದ್ದೆಲ್ಲ ಅತ್ತೆಯೇ. "ಸೊಂಟ ಭಾಳ ನೋಯ್ತೈತ್ರಿ ಇಕಿದು. ಹೊಲದಾಗ ಬಗ್ಗಿ ಬಗ್ಗಿ ಹಿಂಗಾಗೇತಿ. ಒಂದು ಇಂಜೆಕ್ಷನ್ ಮಾಡ್ರಿ." ನಾನೂ ಅಷ್ಟನ್ನೇ ಕೇಳಿಸಿಕೊಂಡೆ. ತಿಕ್ಕಿಕೊಳ್ಳಲು ರೋಗನ್, ನೋವಿನ ಮಾತ್ರೆ, ವಿಶ್ರಾಂತಿಯ ಸಲಹೆ ಕೊಟ್ಟು ಕಳಿಸಿದೆ. ಎಂಟು ತಿಂಗಳಲ್ಲಿ ಆಕೆ ಐದಾರು ಸಲ ಬಂದಿರಬೇಕು. ಪ್ರತಿ ಸಲವೂ ಅದೇ ಸೊಂಟ, ಅದೇ ರೋಗನ್.

ಆಮೇಲೆ ಒಂದು ದಿನ ತವರಿನವರು ಆಕೆಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ದುರ್ಬೀನಿನಿಂದ ಹೊಟ್ಟೆಯೊಳಗೆ ನೋಡಿದಾಗ ಎಂಡೊಮೆಟ್ರಿಯೋಸಿಸ್ ಎಂದು ತಿಳಿಯಿತು. ಒಂದು ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು ಬೆಳೆದಿತ್ತು. ಆ ಫೈಲನ್ನು ನನಗೆ ತೋರಿಸಲು ಬಂದವಳನ್ನು ಕೇಳಿದೆ: "ಮುಟ್ಟಿನ ದಿನ ನೋವು ಹೆಚ್ಚಾಗುತ್ತಿತ್ತೆಂದು ಮೊದಲೇ ಯಾಕೆ ಹೇಳಲಿಲ್ಲಮ್ಮ?" ಆಕೆ ತಲೆ ತಗ್ಗಿಸಿ ಹೇಳಿದಳು, "ನೀವು ಕೇಳಲಿಲ್ಲಲ್ರೀ."

ಆ ಉತ್ತರಕ್ಕೆ ನನ್ನಲ್ಲಿ ಮಾತಿರಲಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆದರೆ ತಪ್ಪು ನನ್ನದೇ. ನಾನು ಕೇಳಬೇಕಿದ್ದ ಪ್ರಶ್ನೆಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ವೈದ್ಯರು ಕೇಳದಿದ್ದರೂ ನೀವೇ ಹೇಳುವಂತಾಗಲಿ ಎಂಬುದು ಈ ಲೇಖನದ ಉದ್ದೇಶ.

ಯಾವುದು ಹಳೆಯ ನೋವು?

ಹೊಕ್ಕುಳಿನ ಕೆಳಗೆ, ಎರಡು ತೊಡೆಗಳ ಸಂದಿನ ಮೇಲೆ, ಸೊಂಟದ ಎಲುಬಿನ ಬಟ್ಟಲಿನಂಥ ಭಾಗವಿದೆ. ನಾವು ಕಿಬ್ಬೊಟ್ಟೆ ಎನ್ನುತ್ತೇವೆ, ಮನೆಯಲ್ಲಿ ಹಿರಿಯರು ಪೇಡೂ ಎನ್ನುತ್ತಾರೆ. ಈ ಬಟ್ಟಲಿನೊಳಗೆ ಮೂತ್ರಕೋಶ, ದೊಡ್ಡ ಕರುಳಿನ ಕೊನೆ, ಹೆಂಗಸರಲ್ಲಿ ಗರ್ಭಕೋಶ ಮತ್ತು ಅಂಡಾಶಯ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಒತ್ತೊತ್ತಾಗಿ ಕುಳಿತಿವೆ. ಕೆಳಗಿನಿಂದ ಇವೆಲ್ಲವನ್ನೂ ಜೋಳಿಗೆಯಂತೆ ಹೊತ್ತು ನಿಂತಿರುವುದು ಸ್ನಾಯುಗಳ ಒಂದು ಪದರ.

ಈ ಭಾಗದಲ್ಲಿ ನೋವು ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ, ಅದು ನಿರಂತರವಾಗಿರಲಿ ಬಂದು ಹೋಗುತ್ತಿರಲಿ, ವೈದ್ಯರು ಅದನ್ನು ದೀರ್ಘಕಾಲದ ಕಿಬ್ಬೊಟ್ಟೆ ನೋವು ಎಂದು ಪರಿಗಣಿಸುತ್ತಾರೆ. ಇದು ಒಂದೇ ಕಾಯಿಲೆಯ ಹೆಸರಲ್ಲ. ಬಾಗಿಲು ಒಂದು, ಒಳಗೆ ಕೋಣೆಗಳು ಹಲವು. ಎಷ್ಟೋ ಜನರಲ್ಲಿ ಎರಡು ಮೂರು ಕಾರಣಗಳು ಒಟ್ಟಿಗೇ ಇರುತ್ತವೆ. ಆದ್ದರಿಂದಲೇ ಒಂದು ಮಾತ್ರೆಯಿಂದಲೋ ಒಂದು ಆಪರೇಷನ್‌ನಿಂದಲೋ ಎಲ್ಲವೂ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ಸ್ವಲ್ಪ ನಿಂತು ಯೋಚಿಸಿ.

ಹೆಂಗಸರಲ್ಲಿ ಸಾಮಾನ್ಯ ಕಾರಣಗಳು

ಎಂಡೊಮೆಟ್ರಿಯೋಸಿಸ್: ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ, ಅಂದರೆ ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಹತ್ತಿರ ಬೆಳೆಯುತ್ತದೆ. ಮುಟ್ಟಿನ ದಿನಗಳಲ್ಲಿ ಅಲ್ಲಿಯೂ ರಕ್ತ ಒಸರಿ, ಉರಿಯೂತವಾಗಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಟ್ಟಿಗೆ ಎರಡು ದಿನ ಮೊದಲೇ ನೋವು ಶುರುವಾಗುವುದು, ದಾಂಪತ್ಯ ಸಂಬಂಧದ ವೇಳೆ ಒಳಗೆ ನೋವು, ಮುಟ್ಟಿನ ದಿನ ಮಲವಿಸರ್ಜನೆಗೆ ಹೋದಾಗ ನೋವು, ಗರ್ಭ ನಿಲ್ಲದಿರುವುದು ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇದು ಇದೆ. ಆದರೂ ಪತ್ತೆಯಾಗುವಷ್ಟರಲ್ಲಿ ಹಲವು ವರ್ಷಗಳು ಕಳೆದಿರುತ್ತವೆ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿರಬಹುದು. ರಿಪೋರ್ಟ್ ನಾರ್ಮಲ್ ಬಂತೆಂದರೆ ನೋವು ಸುಳ್ಳೆಂದು ಅರ್ಥವಲ್ಲ.

ಅಡಿನೊಮಯೋಸಿಸ್ ಮತ್ತು ಫೈಬ್ರಾಯ್ಡ್: ಮೊದಲನೆಯದರಲ್ಲಿ ಅದೇ ಒಳಪದರ ಗರ್ಭಕೋಶದ ಗೋಡೆಯೊಳಗೇ ಹೊಕ್ಕಿರುತ್ತದೆ. ಎರಡನೆಯದು ಗೋಡೆಯಲ್ಲಿ ಬೆಳೆಯುವ ಗಡ್ಡೆ. ಇದು ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಎರಡರಲ್ಲೂ ಮುಟ್ಟಿನ ರಕ್ತ ಹೆಚ್ಚು ಹೋಗಿ ಕಿಬ್ಬೊಟ್ಟೆ ಭಾರವೆನಿಸಬಹುದು.

ಒಳಗಿನ ಸೋಂಕು: ಹೆರಿಗೆ ಅಥವಾ ಗರ್ಭಪಾತದ ನಂತರ, ಇಲ್ಲವೇ ಸಂಗಾತಿಯ ಮೂಲಕ ಬಂದ ಸೋಂಕು ಗರ್ಭನಾಳಕ್ಕೆ ಏರಿ ಗಾಯದ ಗುರುತು ಉಳಿಸಬಹುದು. ನಮ್ಮ ಯುನಾನಿ ಗ್ರಂಥಗಳಲ್ಲಿ ಗರ್ಭಕೋಶದ ಊತವನ್ನು ವರಮ್-ಎ-ರಹಿಮ್ ಎಂದಿದ್ದಾರೆ. ಇದಕ್ಕೆ ಆ್ಯಂಟಿಬಯೋಟಿಕ್ ಪೂರ್ತಿ ಕೋರ್ಸ್ ಬೇಕೇ ಬೇಕು. ವೈದ್ಯರು ಹೇಳಿದರೆ ಗಂಡನೂ ಜೊತೆಗೇ ಔಷಧ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಸೋಂಕು ಮರಳಿ ಬರುತ್ತದೆ. ಸೋಂಕಿನ ಹೆಸರು ಕೇಳಿದೊಡನೆ ಹೆಂಡತಿಯ ಮೇಲೆ ಅನುಮಾನ ಪಡಬೇಡಿ. ಅದು ಬರಲು ಹೆರಿಗೆಯೂ ಸಾಕು.

ಜನನಾಂಗದ ಕ್ಷಯ: ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಿಲ್ಲ. ಗರ್ಭನಾಳಕ್ಕೂ ಬರುತ್ತದೆ. ಮುಟ್ಟು ಕಡಿಮೆಯಾಗುವುದು, ಮಕ್ಕಳಾಗದಿರುವುದು, ಸಣ್ಣ ಜ್ವರ, ತೂಕ ಇಳಿಯುವುದು ಇದ್ದರೆ ಇದನ್ನು ಮರೆಯಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಔಷಧ ಉಚಿತ. ವೈದ್ಯರು ಹೇಳಿದಷ್ಟು ತಿಂಗಳು ಬಿಡದೆ ನುಂಗಬೇಕು.

ಇವಲ್ಲದೆ ಸಿಸೇರಿಯನ್ ಅಥವಾ ಬೇರೆ ಆಪರೇಷನ್ ಆದ ಮೇಲೆ ಒಳಗೆ ಅಂಟಿಕೊಂಡ ಪದರಗಳು, ಹಲವು ಹೆರಿಗೆಗಳ ನಂತರ ಹಿಗ್ಗಿದ ರಕ್ತನಾಳಗಳು ಕೂಡ ನೋವು ಕೊಡಬಹುದು. ದಿನವಿಡೀ ನಿಂತು ದುಡಿದ ಸಂಜೆ ಕಿಬ್ಬೊಟ್ಟೆ ಜಗ್ಗಿದಂತಾಗಿ, ಮಲಗಿದರೆ ಕಡಿಮೆಯಾಗುವ ನೋವಿನ ಹಿಂದೆ ಈ ರಕ್ತನಾಳಗಳಿರಬಹುದು.

ಗರ್ಭಕೋಶಕ್ಕೆ ಸಂಬಂಧವೇ ಇಲ್ಲದ ಕಾರಣಗಳು

ಕಿಬ್ಬೊಟ್ಟೆ ನೋಯುತ್ತದೆ ಎಂದ ಹೆಂಗಸನ್ನು ನೋಡಿದೊಡನೆ ಎಲ್ಲರ ಬೆರಳೂ ಗರ್ಭಕೋಶದ ಕಡೆ ತಿರುಗುತ್ತದೆ. ಆದರೆ ನೆರೆಯಲ್ಲಿರುವ ಅಂಗಗಳನ್ನೂ ನೋಡಬೇಕು.

ಮೂತ್ರಕೋಶ ತುಂಬುತ್ತಿದ್ದಂತೆ ನೋವು ಏರಿ, ಮೂತ್ರ ಹೋದ ಮೇಲೆ ಇಳಿಯುತ್ತದೆಯೆ? ಮೂತ್ರ ಪರೀಕ್ಷೆಯಲ್ಲಿ ಕೀವು, ಸೋಂಕು ಇಲ್ಲದಿದ್ದರೂ ಮತ್ತೆ ಮತ್ತೆ ಓಡಬೇಕಾಗುತ್ತದೆಯೆ? ಅದು ಮೂತ್ರಕೋಶದ ನೋವಿನ ಕಾಯಿಲೆ ಇರಬಹುದು. ನಮ್ಮ ಡೋಣಿ ಸೀಮೆಯ ನೀರು ಸವುಳು. ರುಚಿಯಿಲ್ಲವೆಂದು ಕುಡಿಯುವುದೇ ಕಡಿಮೆ. ಹೊಲಕ್ಕೆ ಹೋದ ಹೆಣ್ಣುಮಕ್ಕಳು ಮರೆ ಸಿಗದೆಂದು ಬೆಳಗಿನಿಂದ ಸಂಜೆವರೆಗೆ ಮೂತ್ರ ತಡೆದಿರುತ್ತಾರೆ. ಸೋಂಕಿಗೂ ಹರಳಿಗೂ ಇದು ದಾರಿ.

ಹೊಟ್ಟೆ ಉಬ್ಬರಿಸಿ, ಮಲಬದ್ಧತೆ ಅಥವಾ ಭೇದಿ ಸರದಿಯಂತೆ ಬಂದು, ಮಲವಿಸರ್ಜನೆಯ ನಂತರ ನೋವು ತಗ್ಗಿದರೆ ಕರುಳಿನ ತೊಂದರೆ ಇರಬಹುದು.

ಇನ್ನೊಂದು ಕಾರಣವನ್ನು ನಾವು ವೈದ್ಯರೂ ಮರೆಯುತ್ತೇವೆ. ಅದೇ ಕೆಳಗಿನ ಸ್ನಾಯುಗಳ ಬಿಗಿತ. ಬಹಳ ದಿನ ನೋವುಂಡ ದೇಹ ಆ ಸ್ನಾಯುಗಳನ್ನು ಮುಷ್ಟಿಯಂತೆ ಬಿಗಿಹಿಡಿದುಕೊಳ್ಳುತ್ತದೆ. ಕೊನೆಗೆ ಮೂಲ ಕಾಯಿಲೆ ಹೋದರೂ ಮುಷ್ಟಿ ಬಿಚ್ಚುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣದು. ಫಿಸಿಯೋಥೆರಪಿ ಇದಕ್ಕೆ ಒಳ್ಳೆಯ ಚಿಕಿತ್ಸೆ.

ಯುನಾನಿ ವೈದ್ಯದಲ್ಲಿ ಮರ್ಜ್-ಎ-ಶಿರ್ಕಿ ಎಂಬ ವಿಚಾರವಿದೆ. ಒಂದು ಅಂಗದ ಕಾಯಿಲೆಯಲ್ಲಿ ನೆರೆಯ ಅಂಗವೂ ಪಾಲುಗೊಳ್ಳುವುದು ಎಂದು ಅರ್ಥ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ (980–1037) ತಮ್ಮ ಅಲ್-ಕಾನೂನ್ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಮೂತ್ರಕೋಶ, ಕರುಳು, ಗರ್ಭಕೋಶಗಳ ನರಗಳು ಬೆನ್ನುಹುರಿಯಲ್ಲಿ ಹತ್ತಿರ ಹತ್ತಿರ ಸೇರುವುದರಿಂದ ಒಂದರ ನೋವು ಇನ್ನೊಂದಕ್ಕೆ ಹಬ್ಬುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಬಹಳ ಕಾಲ ನೋವು ಸಹಿಸಿದರೆ ನರಮಂಡಲವೇ ಸೂಕ್ಷ್ಮವಾಗಿ, ಸಣ್ಣದೂ ದೊಡ್ಡದಾಗಿ ಕೇಳಿಸತೊಡಗುತ್ತದೆ. ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಅದರಿಂದ ನೋವು ಇನ್ನೂ ಹೆಚ್ಚುತ್ತದೆ. ಇದನ್ನು ನಾಟಕ ಎನ್ನುವುದು ಅನ್ಯಾಯ.

ಗಂಡಸರಿಗೂ ಬರುತ್ತದೆ

ಸಹೋದರರೇ, ಈ ಪುಟ ಹೆಂಗಸರಿಗೆ ಎಂದು ತಿರುವಿ ಹಾಕಬೇಡಿ. ವೃಷಣ ಮತ್ತು ಗುದದ ನಡುವಿನ ಜಾಗದಲ್ಲಿ, ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರ ಹೋಗುವಾಗ ಉರಿ, ಸ್ಖಲನದ ನಂತರ ನೋವು ತಿಂಗಳುಗಟ್ಟಲೆ ಕಾಡುವ ಗಂಡಸರು ಅನೇಕರಿದ್ದಾರೆ. ಪ್ರಾಸ್ಟೇಟ್ ಸುತ್ತಲಿನ ಈ ಹಳೆಯ ನೋವಿನಲ್ಲಿ ಹೆಚ್ಚಿನವರಿಗೆ ಬ್ಯಾಕ್ಟೀರಿಯಾ ಸೋಂಕೇ ಇರುವುದಿಲ್ಲ. ಆದ್ದರಿಂದ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಸರದಿಯಲ್ಲಿ ನುಂಗುವುದು ವ್ಯರ್ಥ. ಲಾರಿ ಓಡಿಸುವವರು, ಹೊಲಿಗೆ ಯಂತ್ರದ ಮುಂದೆ ಕೂರುವವರು ಗಂಟೆಗೊಮ್ಮೆ ಎದ್ದು ಓಡಾಡಿ. ಗೋಡೆಯ ಮೇಲಿನ ಗುಪ್ತರೋಗ ಜಾಹೀರಾತು ನೋಡಿ ಹಣ ಕಳೆದುಕೊಳ್ಳಬೇಡಿ. ಜ್ವರ ಚಳಿಯೊಂದಿಗೆ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೇಳಲು ನಾಚಿಕೆಯೇಕೆ?

ಲಜ್ಜೆ ಈಮಾನಿನ ಭಾಗವೆಂದು ನಾವು ಕಲಿತಿದ್ದೇವೆ. ಆದರೆ ಆ ಲಜ್ಜೆ ಆರೋಗ್ಯದ ಪ್ರಶ್ನೆಗೆ ಅಡ್ಡ ಬಂದಿರಲಿಲ್ಲ ಎಂಬುದನ್ನೂ ನೆನಪಿಡೋಣ. ನಿಲ್ಲದ ರಕ್ತಸ್ರಾವದ ಬಗ್ಗೆ ಫಾತಿಮಾ ಬಿಂತ್ ಅಬೀ ಹುಬೈಶ್(ರ) ನೇರವಾಗಿ ಪ್ರವಾದಿ(ಸ)ಯವರನ್ನೇ ಕೇಳಿದರು. ಅದು ಮುಟ್ಟಲ್ಲ, ನರದಿಂದ ಬರುವ ರಕ್ತ ಎಂಬ ಉತ್ತರವೂ, ನಮಾಝಿನ ವಿಧಿಯೂ ಅವರಿಗೆ ಸಿಕ್ಕಿತು. ಇಮ್ರಾನ್ ಬಿನ್ ಹುಸೈನ್(ರ) ತಮಗಿದ್ದ ಬವಾಸೀರ್ ಕಾಯಿಲೆಯನ್ನು ಹೇಳಿಕೊಂಡು ನಮಾಝ್ ಹೇಗೆಂದು ಕೇಳಿದರು. ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಎಂಬ ರಿಯಾಯಿತಿ ಸಿಕ್ಕಿದ್ದು ಆ ಪ್ರಶ್ನೆಯಿಂದಲೇ. ಅವರು ನಾಚಿ ಸುಮ್ಮನಿದ್ದಿದ್ದರೆ?

ಹೆಣ್ಣುಮಕ್ಕಳ ತಪಾಸಣೆಗೆ ಮಹಿಳಾ ವೈದ್ಯರನ್ನು ಬಯಸುವುದು ಸರಿಯೇ. ನನ್ನ ದವಾಖಾನೆಯಲ್ಲಿ ಈಗ ಹೆಣ್ಣುಮಕ್ಕಳೊಂದಿಗೆ ಮಾತಾಡಲು ಒಬ್ಬ ಸಹೋದರಿ ಇರುತ್ತಾರೆ. ಒಳಗಿನ ತಪಾಸಣೆ ಬೇಕಾದರೆ ಸ್ತ್ರೀರೋಗ ತಜ್ಞೆಗೆ ಚೀಟಿ ಬರೆದು ಕೊಡುತ್ತೇನೆ. ಆದರೆ ಮಹಿಳಾ ವೈದ್ಯೆ ಸಿಗುವವರೆಗೆ ಎಂದು ವರ್ಷ ದೂಡುವುದು ಪರ್ದಾ ಅಲ್ಲ, ನಿರ್ಲಕ್ಷ್ಯ. ಅತ್ತೆಯಂದಿರಲ್ಲಿ ಒಂದು ವಿನಂತಿ: ಸೊಸೆಯ ಜೊತೆ ಬನ್ನಿ, ಆದರೆ ಐದು ನಿಮಿಷ ಆಕೆಗೇ ಮಾತಾಡಲು ಬಿಡಿ. ದಾಂಪತ್ಯದ ವೇಳೆ ನೋವಾಗುವ ಹೆಂಡತಿಯನ್ನು ನೆಪ ಹೇಳುತ್ತಾಳೆಂದು ಗಂಡ ದೂರಬಾರದು. ಅದು ಕಾಯಿಲೆಯ ಲಕ್ಷಣ.

ಗರ್ಭಕೋಶ ತೆಗೆಸುವ ಮುನ್ನ

ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದ ಬಡ ಮಹಿಳೆಯರ ಗರ್ಭಕೋಶವನ್ನೇ ತೆಗೆದುಹಾಕಿದ ಸಂಗತಿ ದಶಕದ ಹಿಂದೆ ಬೆಳಕಿಗೆ ಬಂತು. ಅವರಲ್ಲಿ ತಾಂಡಾಗಳ ಲಂಬಾಣಿ ಮತ್ತು ದಲಿತ ಮಹಿಳೆಯರೇ ಹೆಚ್ಚು. ಅವರು ಬೀದಿಗಿಳಿದು ನ್ಯಾಯ ಕೇಳಿದರು, ಸರ್ಕಾರ ತನಿಖೆ ನಡೆಸಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಮಹಿಳೆಯರ ಸಮೀಕ್ಷೆ ನಡೆದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಗರ್ಭಕೋಶ ತೆಗೆಯುವುದು ಕೆಲವರಿಗೆ ನಿಜವಾಗಿಯೂ ಬೇಕಾಗುತ್ತದೆ. ಕ್ಯಾನ್ಸರ್ ಇದ್ದಾಗ, ಬೇರೆ ಚಿಕಿತ್ಸೆಗೆ ಬಗ್ಗದ ರಕ್ತಸ್ರಾವ ಇದ್ದಾಗ ಅದು ಜೀವ ಉಳಿಸುತ್ತದೆ. ಆದರೆ ನೋವು ಮೂತ್ರಕೋಶದ್ದೋ ಕರುಳಿನದೋ ಸ್ನಾಯುವಿನದೋ ಆಗಿದ್ದರೆ ಗರ್ಭಕೋಶ ಹೋದ ಮೇಲೂ ನೋವು ಅಲ್ಲೇ ಇರುತ್ತದೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಚಿಕ್ಕ ವಯಸ್ಸಿಗೇ ಮುಟ್ಟು ನಿಂತವರ ತೊಂದರೆಗಳು ಶುರುವಾಗುತ್ತವೆ. ಎಲುಬು ಸವೆಯುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ.

"ಚೀಲ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆದೀತು" ಎಂದು ಯಾರಾದರೂ ಹೆದರಿಸಿದರೆ ಐದು ಪ್ರಶ್ನೆ ಕೇಳಿ. ನನ್ನ ಕಾಯಿಲೆಯ ಹೆಸರೇನು? ಅದನ್ನು ಯಾವ ಪರೀಕ್ಷೆಯಿಂದ ಖಚಿತ ಮಾಡಿದ್ದೀರಿ? ಆಪರೇಷನ್ ಇಲ್ಲದೆ ಬೇರೆ ಚಿಕಿತ್ಸೆ ಏನಿದೆ? ಅಂಡಾಶಯ ಉಳಿಸುತ್ತೀರಾ? ಒಂದು ತಿಂಗಳು ತಡೆದರೆ ಏನಾಗುತ್ತದೆ? ಉತ್ತರ ತಿಳಿಯದಿದ್ದರೆ ಇನ್ನೊಬ್ಬ ತಜ್ಞರಿಗೆ ತೋರಿಸಿ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ.

ಯುನಾನಿಯಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ

ನನ್ನ ವೈದ್ಯಪದ್ಧತಿಯ ಬಗ್ಗೆ ಅಭಿಮಾನವಿದೆ. ಆದ್ದರಿಂದಲೇ ಅದರ ಮಿತಿಯನ್ನೂ ಹೇಳುತ್ತೇನೆ. ಗಂಟು, ಕ್ಷಯ, ಕೀವು ತುಂಬಿದ ಸೋಂಕು, ಕ್ಯಾನ್ಸರ್ ಇವುಗಳನ್ನು ಜೋಶಾಂದದಿಂದ ಕರಗಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಮೊದಲು ಕಾರಣ ತಿಳಿಯಬೇಕು. ನಂತರ ನೋವು ತಗ್ಗಿಸಲು, ದೇಹವನ್ನು ಸ್ಥಿಮಿತಕ್ಕೆ ತರಲು ನಮ್ಮಲ್ಲಿ ಸಾಧನಗಳಿವೆ.

ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಸೊಂಟದವರೆಗೆ ಹತ್ತು ಹದಿನೈದು ನಿಮಿಷ ಕೂರುವ ಆಬ್ಜನ್ ಬಿಗಿದ ಸ್ನಾಯುಗಳಿಗೆ ಹಿತ. ಬಿಸಿನೀರಿನ ಚೀಲದ ಶಾಖವೂ ಆದೀತು. ಗರ್ಭಿಣಿಯರು, ಜ್ವರ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು. ಹಿಜಾಮಾದಿಂದ ಕೆಲವರಿಗೆ ಆರಾಮವೆನಿಸುತ್ತದೆ. ಆದರೆ ರಕ್ತಹೀನತೆ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಅದು ಬೇಡ. ಬ್ಲೇಡು, ಕಪ್ಪು ಹೊಸದಾಗಿರಲಿ. "ಬಟ್ಟಿ ಸರಿದಿದೆ" ಎಂದು ಹೊಟ್ಟೆ ತಿಕ್ಕಿಸಿಕೊಳ್ಳುವುದನ್ನು ಬಿಡಿ. ಒಳಗೆ ಅಪೆಂಡಿಕ್ಸ್ ಉರಿಯುತ್ತಿದ್ದರೆ, ಗರ್ಭ ನಾಳದಲ್ಲಿ ನಿಂತಿದ್ದರೆ ಅಮೂಲ್ಯ ಸಮಯ ಹೋಗುತ್ತದೆ.

ಆರೋಗ್ಯಕ್ಕೆ ಆರು ಆಧಾರಗಳಿವೆ ಎಂದು ನಮ್ಮ ಹಕೀಮರು ಕಲಿಸಿದ್ದಾರೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಹೊರಹಾಕುವುದು ಮತ್ತು ಉಳಿಸಿಕೊಳ್ಳುವುದು. ಹಳೆಯ ನೋವಿಗೆ ಇದನ್ನೇ ಹೀಗೆ ಅನ್ವಯಿಸಿ. ಶುದ್ಧ ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ. ಜೋಳದ ರೊಟ್ಟಿ, ಸೊಪ್ಪು, ಕಾಳು ತಿಂದು ಮಲಬದ್ಧತೆ ತಪ್ಪಿಸಿ. ಚಹಾದಿಂದ, ಅತಿ ಖಾರದಿಂದ ನೋವು ಏರುತ್ತದೆಯೇ ಗಮನಿಸಿ. ಮೂತ್ರ ಮಲ ತಡೆಯಬೇಡಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಹೊಟ್ಟೆ ಸಡಿಲ ಬಿಟ್ಟು ನಿಧಾನವಾಗಿ ಉಸಿರಾಡಿ. ನಿದ್ದೆ ಕಡಿಮೆ ಮಾಡಿಕೊಳ್ಳಬೇಡಿ.

ತಹಾರತ್ ವಿಷಯದಲ್ಲಿ ಒಂದು ಮಾತು. ಶುಚಿಗೊಳಿಸುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಶುದ್ಧ ನೀರು ಸಾಕು. ಡೆಟಾಲ್, ಸೋಪು, ಸುಗಂಧದ ದ್ರವಗಳನ್ನು ಒಳಗೆ ಹಾಕಿ ತೊಳೆಯುವುದರಿಂದ ಸೋಂಕು ಹೆಚ್ಚುತ್ತದೆಯೇ ಹೊರತು ಶುದ್ಧಿಯಲ್ಲ. ಮುಟ್ಟಿನ ಬಟ್ಟೆಯನ್ನು ಕತ್ತಲ ಮೂಲೆಯಲ್ಲಿ ಬಚ್ಚಿಡದೆ ಬಿಸಿಲಿಗೆ ಒಣಗಿಸಿ.

ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಸೊರಗುತ್ತದೆ. ರಮಝಾನಿನಲ್ಲಿ ಔಷಧ ಬಿಟ್ಟು ನೋವು ಉಲ್ಬಣಿಸಿಕೊಳ್ಳಬೇಡಿ. ರೋಗಿಗೆ ಉಪವಾಸ ಮುಂದೂಡುವ ಅನುಮತಿಯನ್ನು ಕುರ್‌ಆನೇ ಕೊಟ್ಟಿದೆ. ಔಷಧದ ಹೊತ್ತು ಹೊಂದಿಸಲು ಮೊದಲೇ ವೈದ್ಯರೊಂದಿಗೆ ಮಾತಾಡಿ.

ಕಾಯದೆ ಓಡಬೇಕಾದ ಲಕ್ಷಣಗಳು

ಮುಟ್ಟು ತಪ್ಪಿದ್ದು ಒಂದು ಬದಿ ತೀವ್ರ ನೋವು ಅಥವಾ ತಲೆಸುತ್ತು. ಇದ್ದಕ್ಕಿದ್ದಂತೆ ತಡೆಯಲಾರದ ನೋವು ಮತ್ತು ವಾಂತಿ. ಜ್ವರದೊಂದಿಗೆ ದುರ್ನಾತದ ಸ್ರಾವ. ಇವು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ದಾಂಪತ್ಯದ ನಂತರ ರಕ್ತ, ಮೂತ್ರ ಅಥವಾ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ವಾರದೊಳಗೆ ತಜ್ಞರಿಗೆ ತೋರಿಸಿ.

ಒಂದು ನೋಟ್‌ಬುಕ್ ಇಡಿ

ವೈದ್ಯರ ಬಳಿ ಹೋಗುವ ಮುನ್ನ ಎರಡು ತಿಂಗಳು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಓದು ಬಾರದವರಿಗೆ ಮಗಳೋ ಮಗನೋ ಬರೆದುಕೊಡಲಿ, ಇಲ್ಲವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯಾವ ದಿನ ನೋವು, ಹತ್ತಕ್ಕೆ ಎಷ್ಟು, ಮುಟ್ಟು ಯಾವಾಗ ಬಂತು, ಮೂತ್ರ ಮಲದ ಜೊತೆ ಸಂಬಂಧವಿದೆಯೆ, ಯಾವುದರಿಂದ ಕಡಿಮೆಯಾಯಿತು, ಯಾವ ಮಾತ್ರೆ ನುಂಗಿದಿರಿ. ಹಳೆಯ ರಿಪೋರ್ಟುಗಳನ್ನು ಒಂದೇ ಚೀಲದಲ್ಲಿ ಇಡಿ. ಈ ಪುಸ್ತಕ ಹತ್ತು ಸ್ಕ್ಯಾನಿಂಗ್‌ನಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ.

ಅಲ್ಲಾಹನು ಕಾಯಿಲೆಯ ಜೊತೆ ಅದರ ಚಿಕಿತ್ಸೆಯನ್ನೂ ಇಳಿಸಿದ್ದಾನೆ ಎಂಬುದು ನಮ್ಮ ವಿಶ್ವಾಸ. ಆ ಚಿಕಿತ್ಸೆಯನ್ನು ಹುಡುಕುವುದು ಸಬ್ರ್‌ಗೆ ವಿರುದ್ಧವಲ್ಲ. ಬಾಯಿಮುಚ್ಚಿ ನೋವುಣ್ಣುವುದೇ ಸಬ್ರ್ ಎಂದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದವರು ನಾವೇ. ಅದನ್ನು ತಿದ್ದಬೇಕಾದವರೂ ನಾವೇ.

ಆ ಹೆಣ್ಣುಮಗಳಿಗೆ ಅಲ್‌ಹಮ್ದುಲಿಲ್ಲಾಹ್, ಈಗ ಔಷಧದಿಂದ ನೋವು ಬಹಳ ಹತೋಟಿಯಲ್ಲಿದೆ. ಪೂರ್ತಿ ಹೋಗಿಲ್ಲ, ಆದರೆ ತಿಂಗಳಲ್ಲಿ ಮಲಗುವ ದಿನಗಳು ಕಡಿಮೆಯಾಗಿವೆ. ಈಗಲೂ ಬರುವಾಗ ಅತ್ತೆ ಜೊತೆಗಿರುತ್ತಾರೆ. ಮಾತಾಡುವುದು ಮಾತ್ರ ಸೊಸೆಯೇ. ನಿಮ್ಮ ಮನೆಯಲ್ಲೂ ಪ್ರತಿ ತಿಂಗಳು ಸೊಂಟ ಹಿಡಿದುಕೊಂಡು ಗೋಡೆಗೊರಗುವ ಒಬ್ಬ ತಾಯಿ, ಮಗಳು, ಸೊಸೆ ಇರಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಹತ್ತಿರ ಕೂತು, ಎಲ್ಲಿ ನೋಯುತ್ತದೆ ಎಂದು ಒಮ್ಮೆ ಕೇಳಿ.